ಸಾಮು ಮತ್ತು ಪಂದ್ಯ

ವ್ಯಾಯಾಮವು ಹಿತಕರವೆಂಬುದನ್ನು ಅಲ್ಲಗಳೆಯುವ ಮನುಷ್ಯನನ್ನು ಈ ಕಾಲದಲ್ಲಿ ಹುಡುಕಿ ತರುವುದು ಸುಲಭವಲ್ಲ. ವೈದ್ಯರು ಹೇಳುತ್ತಾರೆ, ವೃತ್ತಪತ್ರಿಕೆಗಳು ಹೇಳುತ್ತವೆ, ಮನೆಯ ಮಕ್ಕಳು ಹೇಳುತ್ತಾರೆ. ಯಾರೂ ಹೇಳದಿದ್ದರೆ ಮೂರನೆಯ ಮಹಡಿಯ ಮೆಟ್ಟಿಲೇರುವಾಗ ತನ್ನ ಉಸಿರೇ ಹೇಳುತ್ತದೆ. ಇಷ್ಟು ಮಂದಿ ಗುರುಗಳಿದ್ದೂ ಪಾಠವು ಆಚರಣೆಗೆ ಇಳಿಯುವುದಿಲ್ಲವೆಂದ ಮೇಲೆ, ಕೊರತೆಯಿರುವುದು ತಿಳಿವಳಿಕೆಯಲ್ಲಿ ಅಲ್ಲವೆಂದು ಒಪ್ಪಬೇಕಾಗುತ್ತದೆ. ಜನವರಿಯ ಮೊದಲ ವಾರದಲ್ಲಿ ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿ ಜಿಮ್ ಸೇರಿ, ಹೊಸ ಬೂಟು ಕೊಂಡು, ಯುಗಾದಿಯ ವೇಳೆಗೆ ಆ ಬೂಟುಗಳನ್ನು ಮಂಚದ ಕೆಳಗೆ ತಳ್ಳಿದವರನ್ನು ಸೋಮಾರಿಗಳೆಂದು ಕರೆದು ವಿಷಯವನ್ನು ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಆದರೆ ಇವರಲ್ಲಿ ಅನೇಕರು ಮೂವತ್ತು ವರ್ಷ ಒಂದೇ ಕಚೇರಿಗೆ ಒಂದೇ ವೇಳೆಗೆ ತಪ್ಪದೆ ಹೋದವರು, ಮಕ್ಕಳ ಪರೀಕ್ಷೆಗೆಂದು ನಾಲ್ಕು ಗಂಟೆಗೆ ಎದ್ದವರು, ಏಕಾದಶಿಯ ಉಪವಾಸವನ್ನು ಜ್ವರದಲ್ಲಿಯೂ ಬಿಡದವರು. ಬೆಳಗಿನ ಆರು ಗಂಟೆಗೆ ಮಾತ್ರ ತಲೆದೋರಿ ಹತ್ತು ಗಂಟೆಗೆ ಮಾಯವಾಗುವ ಸೋಮಾರಿತನವನ್ನು ಸ್ವಭಾವದೋಷವೆಂದು ಹೇಳುವುದು ನ್ಯಾಯವಾಗಿ ತೋರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡತಕ್ಕ ಇನ್ನೊಂದು ವಿವರಣೆ, ಉತ್ಸಾಹವು ಬತ್ತಿಹೋಯಿತೆಂಬುದು. ಉತ್ಸಾಹವು ಮೊದಲು ಹುಟ್ಟಿ, ಅದರ ಬಲದಿಂದ ಕೈಕಾಲುಗಳು ಆಡತೊಡಗುತ್ತವೆಯೆಂಬ ಊಹೆ ಈ ಮಾತಿನ ಹಿಂದೆ ಅಡಗಿದೆ. ಆ ಊಹೆಯಲ್ಲಿ ನನಗೆ ನಂಬಿಕೆಯಿಲ್ಲ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದುಡಿಯುತ್ತಿದ್ದ ನಡುವಯಸ್ಸಿನವರನ್ನು ಕುರಿತು ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿಗಳೂ ಅವರ ಸಂಗಡಿಗರೂ ನಡೆಸಿ 1953ರಲ್ಲಿ ಪ್ರಕಟಿಸಿದ ಪರಿಶೀಲನೆಯನ್ನು ಇಲ್ಲಿ ನೆನೆಯುವುದು ಉಚಿತ. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಸಂಸಾರ. ಚಾಲಕನು ದಿನವೆಲ್ಲ ಕುಳಿತಿರುತ್ತಾನೆ, ಕಂಡಕ್ಟರನು ದಿನವೆಲ್ಲ ಮೆಟ್ಟಿಲೇರಿ ಇಳಿಯುತ್ತಾನೆ. ಹೃದ್ರೋಗದ ಬಾಧೆ ಕಂಡಕ್ಟರುಗಳಲ್ಲಿ ಗಣನೀಯವಾಗಿ ಕಡಿಮೆಯಾಗಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೇ ದೊಡ್ಡದಾಗಿತ್ತೆಂಬ ಅಂಶವನ್ನು ಮುಂದೆ ಮಾರಿಸ್ ಅವರೇ ಹೊರಗೆಡಹಿ, ವಿದ್ವಾಂಸರಲ್ಲಿ ಅಪರೂಪವಾದ ಪ್ರಾಮಾಣಿಕತೆಯಿಂದ ತಮ್ಮ ನಿರ್ಣಯವನ್ನು ತಾವೇ ಶಂಕೆಗೆ ಒಡ್ಡಿದರು; ಆದರೂ ಕಾಗದ ಹಂಚುತ್ತ ಬೀದಿ ಸುತ್ತುವ ಅಂಚೆಯವರಿಗೂ ಅದೇ ಇಲಾಖೆಯಲ್ಲಿ ಕುಳಿತು ದುಡಿಯುವವರಿಗೂ ನಡುವೆ ಇಂಥದೇ ಅಂತರ ಕಂಡುಬಂದಿದ್ದುದರಿಂದ ಆ ನಿರ್ಣಯ ಬಿದ್ದುಹೋಗಲಿಲ್ಲ. ನಾವು ಗಮನಿಸತಕ್ಕ ಅಂಶ ಬೇರೆ. ಈ ಕಂಡಕ್ಟರುಗಳ ಉತ್ಸಾಹವನ್ನು ಯಾರೂ ವಿಚಾರಿಸಲಿಲ್ಲ. ಟಿಕೆಟ್ಟಿನ ಹಣ ವಸೂಲಾಗಬೇಕಾಗಿತ್ತು, ಮೇಲಂತಸ್ತಿನಲ್ಲಿ ಪ್ರಯಾಣಿಕರಿದ್ದರು; ಅಷ್ಟೆ.

ಇದನ್ನು ಕೇಳಿದೊಡನೆ, ನಮ್ಮ ಹಿರಿಯರು ಬಾವಿಯಿಂದ ನೀರು ಸೇದುತ್ತಿದ್ದರು, ರಾಗಿ ಬೀಸುತ್ತಿದ್ದರು, ಅವರಿಗೆ ವ್ಯಾಯಾಮಶಾಲೆಯ ಹಂಗಿರಲಿಲ್ಲವೆಂದು ನಿಟ್ಟುಸಿರಿಡುವವರುಂಟು. (ನಿಟ್ಟುಸಿರಿಡುವವರು ಬಹುಮಟ್ಟಿಗೆ ಗಂಡಸರು, ಬೀಸುವ ಕಲ್ಲಿನ ಮುಂದೆ ಕುಳಿತಿದ್ದವರು ಬಹುಮಟ್ಟಿಗೆ ಹೆಂಗಸರು.) ಆ ದುಡಿಮೆ ತಪ್ಪಿತೆಂದು ನಾನು ಮರುಗಲಾರೆ. ಆದರೆ ಅದರೊಡನೆ ದೇಹವನ್ನು ದಿನವೂ ಆಡಿಸುತ್ತಿದ್ದ ಹೊರಗಣ ನಿರ್ಬಂಧವೊಂದು ಹೊರಟುಹೋಯಿತೆಂಬುದೂ, ಕುರ್ಚಿಯ ಮೇಲೆ ಜೀವನ ಸಾಗಿಸತಕ್ಕ ನಾವು ಅದರ ಸ್ಥಾನದಲ್ಲಿ ಇನ್ನೊಂದನ್ನು ಬುದ್ಧಿಪೂರ್ವಕವಾಗಿ ಕಟ್ಟಿಕೊಳ್ಳಬೇಕಾಗಿದೆಯೆಂಬುದೂ ಸತ್ಯ. ಈ ಕಟ್ಟುವ ಕಲೆಯಲ್ಲಿ ನುರಿತವರು ಪಂದ್ಯವಾಡುವವರು. ಅವರಿಂದ ನಾವು ಕಲಿಯಬೇಕಾದದ್ದು ಗೆಲುವಿನ ಛಲವೆಂದು ವ್ಯಾಯಾಮಶಾಲೆಯ ಗೋಡೆಗಳ ಮೇಲಿನ ಘೋಷವಾಕ್ಯಗಳು ಸಾರುತ್ತಿರುತ್ತವೆ. ಆ ವಾಕ್ಯಗಳನ್ನು ಬರೆದವರು ಗರಡಿಯೊಂದರಲ್ಲಿ ಒಂದು ಋತುವನ್ನಾದರೂ ಕಳೆದಿದ್ದರೆ ಬೇರೆ ಮಾತನ್ನು ಬರೆಯುತ್ತಿದ್ದರೇನೋ.

ಮೈಸೂರಿನ ಗರಡಿಮನೆಗಳನ್ನು ನೋಡಿ. ತಗ್ಗಾದ ಬಾಗಿಲು, ಒಳಗೆ ಆಂಜನೇಯನ ಪಟ, ಅರಿಶಿನ ತುಪ್ಪಗಳನ್ನು ಬೆರೆಸಿ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆಗಳು. ಅಲ್ಲಿಗೆ ಬರುವ ಹುಡುಗನನ್ನು, ಈ ದಿನ ನಿನಗೆ ಸಾಮು ಮಾಡುವ ಮನಸ್ಸಿದೆಯೆ ಎಂದು ಉಸ್ತಾದರು ಕೇಳುವುದಿಲ್ಲ. ಬಂದವನು ಮಟ್ಟಿಯನ್ನು ಅಗೆಯುತ್ತಾನೆ, ದಂಡ ಹೊಡೆಯುತ್ತಾನೆ, ಬಸ್ಕಿ ತೆಗೆಯುತ್ತಾನೆ, ಆಮೇಲೆ ಜೊತೆಯವನೊಡನೆ ಸೆಣಸುತ್ತಾನೆ. ಬರದಿದ್ದರೆ ಆ ಜೊತೆಯವನಿಗೆ ಜೋಡಿಯಿಲ್ಲದೆ ಹೋಗುತ್ತದೆ, ಸಂಜೆ ಬೀದಿಯಲ್ಲಿ ಕಂಡಾಗ ಅವನು ಕಾರಣ ಕೇಳುತ್ತಾನೆ. ದಸರಾ ಸಮೀಪಿಸಿದಂತೆ ಹಿರಿಯರು ಕುಳಿತು ಪೈಲ್ವಾನರ ವಯಸ್ಸು, ತೂಕ, ಪಟ್ಟುಗಳ ಪರಿಚಯ ಇವನ್ನೆಲ್ಲ ತೂಗಿನೋಡಿ ಜೋಡಿ ಕಟ್ಟುತ್ತಾರೆ. ಈ ಜೋಡಿ ಕಟ್ಟುವುದರಲ್ಲಿ ಅಡಗಿರುವ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ತನಗಿಂತ ಬಹಳ ಮೇಲಿನವನೊಡನೆ ಬಿದ್ದವನಿಗೆ ನಿರಾಶೆಯೂ, ಬಹಳ ಕೆಳಗಿನವನೊಡನೆ ಗೆದ್ದವನಿಗೆ ಆಲಸ್ಯವೂ ಬರುವುದು ಸಹಜ. ಸಮಬಲನೊಬ್ಬನು ಎದುರಿಗಿದ್ದು, ಅವನನ್ನು ಎದುರಿಸುವ ದಿನ ಗೊತ್ತಾಗಿದ್ದರೆ, ಬೆಳಗಿನ ಐದು ಗಂಟೆಗೆ ಎಬ್ಬಿಸಲು ಸುಭಾಷಿತಗಳ ಅಗತ್ಯ ಬೀಳುವುದಿಲ್ಲ.

ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ‘ಶಾಂತಲಾ’ ಕಾದಂಬರಿಯನ್ನು ಬರೆದು, ತೋಳಿನ ಬಲವೂ ಲೇಖನಿಯ ಬಲವೂ ಒಂದೆಡೆ ಇರಬಹುದೆಂದು ತೋರಿಸಿಕೊಟ್ಟ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳುಹಿಸುತ್ತಿದ್ದರು. ಇಂದು ಅಂಥ ಪಾಠಗಳು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಬಂದು ಬೀಳುತ್ತವೆ. ಪಾಠವೇನೋ ಅಂಚೆಯಲ್ಲಿ ಬರುತ್ತದೆ. ಪಕ್ಕದಲ್ಲಿ ನಿಂತು ಗದೆ ತಿರುಗಿಸುವವನು ಬರುವುದಿಲ್ಲ.

ದಿನ ಗೊತ್ತಾಗಿರುವುದರ ಮಹಿಮೆಯ ಜೊತೆಗೆ, ಸಮಯ ಸಂಕುಚಿತವಾಗಿರುವುದರ ಮಹಿಮೆಯನ್ನೂ ಹೇಳಬೇಕು. ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಸ್ಥಳ. ಮದುವೆಯಿದ್ದ ದಿನ ಆಟವಿಲ್ಲ, ಇಲ್ಲದ ದಿನ ಶಾಲೆ ಬಿಟ್ಟೊಡನೆ ಓಡಬೇಕು. ಲಗ್ನದ ಮುಹೂರ್ತಗಳು ಬಿಟ್ಟುಕೊಟ್ಟ ವೇಳೆಯಲ್ಲಿ ಪಳಗಿದ ಆ ಕೈ 1971ರಿಂದ ಒಂಬತ್ತು ವರ್ಷ ಎಡೆಬಿಡದೆ ರಾಷ್ಟ್ರೀಯ ಪ್ರಶಸ್ತಿಯನ್ನೂ, 1980ರಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನೂ ಗೆದ್ದುಕೊಂಡಿತು. ಇಪ್ಪತ್ತುನಾಲ್ಕು ಗಂಟೆಯೂ ಬಾಗಿಲು ತೆರೆದಿರುವ ಇಂದಿನ ಜಿಮ್ಮುಗಳಲ್ಲಿ ಒಂದು ಸೂಕ್ಷ್ಮವಾದ ದೋಷವಿದೆ: ಯಾವಾಗ ಬೇಕಾದರೂ ಹೋಗಬಹುದಾದಲ್ಲಿಗೆ ಈಗಲೇ ಹೋಗಬೇಕೆಂದು ಯಾರಿಗೂ ತೋರುವುದಿಲ್ಲ.

ಇನ್ನು ವಿಶ್ರಾಂತಿಯ ವಿಷಯ. ರೋಜರ್ ಬ್ಯಾನಿಸ್ಟರ್ ಲಂಡನ್ನಿನಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಟವನ್ನು ಅಭ್ಯಾಸಮಾಡುತ್ತಿದ್ದವರು. ನಡುವೆ ಎರಡೆರಡು ನಿಮಿಷ ಬಿಟ್ಟು ಕಾಲು ಮೈಲಿಯನ್ನು ಹತ್ತು ಸಲ ಓಡುವುದು ಅವರ ಕ್ರಮ. ಒಂದೊಂದು ಓಟವೂ 60 ಸೆಕೆಂಡಿಗಿಳಿಯಬೇಕೆಂಬುದು ಗುರಿ. 1954ರ ವಸಂತದಲ್ಲಿ ಆ ವೇಳೆ 61 ಸೆಕೆಂಡಿಗೆ ಬಂದು, ಎಷ್ಟು ಹೆಣಗಿದರೂ ಅಲ್ಲಿಂದ ಕೆಳಗಿಳಿಯದೆ ನಿಂತುಬಿಟ್ಟಿತು. ಹೆಚ್ಚು ದುಡಿಯಬೇಕೆಂದು ತೋರುವ ಇಂಥ ಘಳಿಗೆಯಲ್ಲಿ ಅವರು ಮಿತ್ರನಾದ ಕ್ರಿಸ್ ಬ್ರ್ಯಾಷರನೊಡನೆ ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬೆಟ್ಟ ಹತ್ತಿದರು, ಓಟದ ಹಾದಿಯ ಕಡೆ ತಿರುಗಿ ನೋಡಲಿಲ್ಲ. ಮರಳಿ ಬಂದು ಓಡಿದಾಗ ವೇಳೆ 59ಕ್ಕೆ ಇಳಿದಿತ್ತು. ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಅವರು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಮುಗಿಸಿದ್ದನ್ನು ಲೋಕವೆಲ್ಲ ಬಲ್ಲುದು. ಆ ಬೆಟ್ಟದ ದಿನಗಳನ್ನು ಬಲ್ಲವರು ಕಡಮೆ.

ನಮ್ಮ ಆಯುರ್ವೇದದ ಆಚಾರ್ಯ ವಾಗ್ಭಟನು ಬಲಶಾಲಿಯಾದವನೂ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಾಯಾಮದಲ್ಲಿ ವ್ಯಯಮಾಡತಕ್ಕದ್ದೆಂದೂ, ಅದೂ ಚಳಿಗಾಲ ವಸಂತಗಳಲ್ಲೆಂದೂ, ಉಳಿದ ಋತುಗಳಲ್ಲಿ ಇನ್ನೂ ಮಂದವಾಗಿರಬೇಕೆಂದೂ ವಿಧಿಸಿದ್ದಾನೆ. ಪಂದ್ಯಕ್ಕೆ ಸಿದ್ಧನಾಗುವವನಿಗೆ ಈ ಅರ್ಧವು ಸಾಲದು, ನಿಜ. ಆದರೆ ಮೊದಲನೆಯ ವಾರದಲ್ಲಿಯೇ ಪೂರ್ಣಶಕ್ತಿಯನ್ನು ಸುರಿದು ಎರಡನೆಯ ವಾರ ಮೊಣಕಾಲಿಗೆ ಎಣ್ಣೆ ನೀವುತ್ತ ಕೂರುವ ಗೃಹಸ್ಥನಿಗೆ ಇದಕ್ಕಿಂತ ಒಳ್ಳೆಯ ವಿಧಿ ದೊರೆಯದು. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಈಗಿನ ವ್ರತವು 1965ರಲ್ಲಿ ಜಪಾನಿನ ವ್ಯಾಪಾರಸಂಸ್ಥೆಯೊಂದು ಮಾರಾಟಕ್ಕೆ ತಂದ ಹೆಜ್ಜೆಯೆಣಿಕೆಯ ಯಂತ್ರದ ಹೆಸರಿನಿಂದ ಹಬ್ಬಿದ್ದೇ ಹೊರತು ಯಾವ ವೈದ್ಯಸಂಹಿತೆಯಿಂದಲೂ ಹೊರಟದ್ದಲ್ಲ. ಒಂಬತ್ತು ಸಾವಿರಕ್ಕೆ ನಿಂತು ಪಾಪಭೀತಿಯಿಂದ ನರಳುವವರು ಇದನ್ನು ತಿಳಿದು ಸಮಾಧಾನ ಪಡೆಯಬಹುದು.

ಇವೆಲ್ಲಕ್ಕಿಂತ ಮಿಗಿಲಾಗಿ ಪಂದ್ಯವು ಕಲಿಸತಕ್ಕದ್ದು ಸೋಲುವುದನ್ನು. ಅರವತ್ತುನಾಲ್ಕು ಮಂದಿ ಸೇರಿದ ಪಂದ್ಯಾವಳಿಯಲ್ಲಿ ಅರವತ್ತಮೂರು ಮಂದಿ ಸೋತು ಮನೆಗೆ ಹೋಗುತ್ತಾರೆ. ಎಂದಮೇಲೆ ಕ್ರೀಡಾಪಟುವೆಂದರೆ ಗೆಲ್ಲುವವನೆಂಬ ನಮ್ಮ ಕಲ್ಪನೆ ಗಣಿತದ ದೃಷ್ಟಿಯಿಂದಲೇ ಅಸಂಬದ್ಧವಾದದ್ದು. ಅವನು ಬಹುಪಾಲು ದಿನಗಳಲ್ಲಿ ಸೋಲುವವನು, ಸೋತ ಮಾರನೆಯ ವಾರ ಮತ್ತೆ ಅಭ್ಯಾಸಕ್ಕೆ ಬರುವವನು. ಮಿಲ್ಖಾ ಸಿಂಗರು 1960ರಲ್ಲಿ ರೋಮ್ ನಗರದ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಆ ನೋವನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಆದರೆ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ಓಟದ ಚಿನ್ನವನ್ನು ಗೆದ್ದವರೂ ಅವರೇ. ನೋವು ಮಾಯುವವರೆಗೆ ಅವರು ಕಾದು ಕೂರಲಿಲ್ಲವೆಂಬುದನ್ನು ಗಮನಿಸಬೇಕು. ನೋವೂ ಇತ್ತು, ಓಟವೂ ನಡೆದಿತ್ತು.

ಮನೆಯಲ್ಲಿ ವ್ಯಾಯಾಮ ಹೂಡಿದ ನಮ್ಮ ಗೃಹಸ್ಥನಿಗೆ ಈ ವಿದ್ಯೆ ತಿಳಿಯದು. ನೆಂಟರು ಬಂದರೆಂದೋ ಮಳೆ ಹಿಡಿಯಿತೆಂದೋ ಮೂರು ದಿನ ತಪ್ಪಿದೊಡನೆ, ವ್ರತಭಂಗವಾಯಿತೆಂದು ಭಾವಿಸಿ, ಭಂಗವಾದ ವ್ರತವನ್ನು ಮುಂದುವರಿಸುವುದರಲ್ಲಿ ಫಲವಿಲ್ಲವೆಂದು ತರ್ಕಿಸಿ, ಮುಂದಿನ ಜನವರಿಯನ್ನು ನಿರೀಕ್ಷಿಸುತ್ತಾನೆ. ಅವನು ಬಿದ್ದದ್ದು ಆ ಮೂರು ದಿನಗಳಿಂದಲ್ಲ, ಅವುಗಳಿಗೆ ಕೊಟ್ಟ ನೈತಿಕವಾದ ಅರ್ಥದಿಂದ. ಪಂದ್ಯವಾಡುವವನಾದರೋ, ಋತುವಿನ ಆರಂಭದಲ್ಲಿಯೇ ಕೆಲವು ಸೋಲುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ. ಯಾವ ಪೈಲ್ವಾನನೂ ಒಮ್ಮೆ ಬೆನ್ನು ಮಣ್ಣು ಮುಟ್ಟಿತೆಂದು ಗರಡಿಯನ್ನು ಬಿಡುವುದಿಲ್ಲ. ಪ್ರತಿದಿನ ಬೆನ್ನು ಮಣ್ಣು ಮುಟ್ಟುವುದೇ ಅಲ್ಲಿಯ ಶಿಕ್ಷಣ.

ಸ್ಪರ್ಧೆಯ ಪಕ್ಷವನ್ನು ಇಷ್ಟು ವಹಿಸಿದ ಮೇಲೆ, ಅದರಿಂದ ಕಲಿಯಬಾರದ್ದನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಗಾಯವನ್ನು ಮುಚ್ಚಿಟ್ಟು ಆಡುವ ಶೌರ್ಯವು ಪದಕದ ಹೊಸ್ತಿಲಲ್ಲಿ ನಿಂತವನಿಗೆ ಕ್ಷಮ್ಯವಾಗಬಹುದು, ಐವತ್ತರ ಗುಮಾಸ್ತನಿಗೆ ಅದು ಮೂರ್ಖತನ. ಪಂದ್ಯ ಮುಗಿದರೆ ಸಾಮೂ ಮುಗಿಯಿತೆಂದುಕೊಂಡು, ಸಾಮು ಬಿಟ್ಟರೂ ಹಾಲು ಬಾದಾಮಿಗಳ ರೂಢಿಯನ್ನು ಬಿಡದೆ ಹೊಟ್ಟೆ ಬೆಳೆಸಿದ ಹಳೆಯ ಪೈಲ್ವಾನರು ಊರೂರಲ್ಲಿದ್ದಾರೆ. ಒಂದೇ ಒಂದು ಪಂದ್ಯದ ಮೇಲೆ ಎಲ್ಲವನ್ನೂ ನಿಲ್ಲಿಸುವುದರ ಅಪಾಯಕ್ಕೆ ಅವರೇ ಸಾಕ್ಷಿ. ಸಮಬಲರಲ್ಲದವರನ್ನು ನೋಡಿ ಕೊರಗುವುದು ಮತ್ತೊಂದು ಅನರ್ಥ, ಮೊಬೈಲಿನ ಚಿತ್ರಗಳು ಇದನ್ನು ನೂರ್ಮಡಿಯಾಗಿಸಿವೆ. ಜೋಡಿ ಕಟ್ಟುವ ಹಿರಿಯರು ಆ ಚಿತ್ರಲೋಕದಲ್ಲಿಲ್ಲ.

ವಯಸ್ಸಾದವರಿಗೆ ಇಂಥ ಜೋಡಿಯೂ ಗೊತ್ತಾದ ದಿನವೂ ದೊರೆಯುವುದು ಈಗ ಕಷ್ಟವಲ್ಲ. ಹಿರಿಯರ ಅಥ್ಲೆಟಿಕ್ಸ್ ಕೂಟಗಳಲ್ಲಿ 35ರಿಂದ ಮೇಲಕ್ಕೆ ಐದೈದು ವರ್ಷಕ್ಕೊಂದು ವರ್ಗವಿದೆ; ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಲೋಕಪ್ರಸಿದ್ಧರ ಹಿಂದೆ ಸಾವಿರಾರು ಮಂದಿ ಗೃಹಸ್ಥರೂ ಗೃಹಿಣಿಯರೂ ತಮ್ಮ ತಮ್ಮ ಹಳೆಯ ವೇಳೆಯೊಡನೆ ಸೆಣಸುತ್ತ ಓಡುತ್ತಾರೆ. ನನಗೆ ಚಿಂತೆಯಿರುವುದು ಇವರ ವಿಷಯದಲ್ಲಲ್ಲ, ಹನ್ನೆರಡು ವರ್ಷದ ಮಕ್ಕಳ ವಿಷಯದಲ್ಲಿ. ನಮ್ಮ ಶಾಲೆಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಬಹುಪಾಲು ಮಕ್ಕಳು ಮೊದಲ ಸುತ್ತಿನ ಹದಿನೈದಿಪ್ಪತ್ತು ಸೆಕೆಂಡುಗಳಲ್ಲಿಯೇ ಹೊರಬಿದ್ದು, ಉಳಿದ ಎರಡು ದಿನವೂ ಹಗ್ಗದಾಚೆ ಕುಳಿತು ನಾಲ್ಕಾರು ಮಂದಿಯ ಗೆಲುವಿಗೆ ಚಪ್ಪಾಳೆ ತಟ್ಟುತ್ತಾರೆ. ಓಟವು ತಮಗಾಗಿ ಇರುವುದಲ್ಲವೆಂದು ಆಗ ಕಲಿತವರೇ ಮೂವತ್ತು ವರ್ಷದ ಮೇಲೆ ಬೂಟುಗಳನ್ನು ಮಂಚದ ಕೆಳಗೆ ತಳ್ಳುವವರು. ದೈಹಿಕ ಶಿಕ್ಷಣದ ಮೇಷ್ಟ್ರುಗಳಲ್ಲಿ ನನ್ನ ವಿಜ್ಞಾಪನೆ ಇದು: ಮೊದಲ ಸುತ್ತಿನಲ್ಲಿ ಕೊನೆಗೆ ಬಂದ ಮಕ್ಕಳನ್ನು ಅವರವರ ವೇಗಕ್ಕೆ ತಕ್ಕಂತೆ ಜೋಡಿಮಾಡಿ, ಅದೇ ಮಧ್ಯಾಹ್ನ ಇನ್ನೊಮ್ಮೆ ಓಡಿಸಿ, ಮುಂದಿನ ತಿಂಗಳು ಮತ್ತೊಮ್ಮೆ ಓಡಿಸಿ. ಅದಕ್ಕೆ ಬೇಕಾದದ್ದು ಒಂದು ಸೀಟಿ, ಒಂದು ಸುಣ್ಣದ ಗೆರೆ ಮತ್ತು ಅರ್ಧ ಗಂಟೆಯ ಕಾಲ. ಬಹುಮಾನದ ಬಟ್ಟಲುಗಳ ಖರ್ಚೂ ಇಲ್ಲ.