ರೋಗಿಯ ಅನುಭವಕ್ಕೂ ಲೆಕ್ಕಪರಿಶೋಧನೆ ಬೇಡವೇ?

ಕೆಲವು ತಿಂಗಳ ಹಿಂದೆ ನನ್ನ ಹಿರಿಯ ಸಹೋದರರು ಶಸ್ತ್ರಚಿಕಿತ್ಸೆಗಾಗಿ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾಗಿದ್ದರು. ಬಿಡುಗಡೆಯ ದಿನ ಬಿಲ್ ಪಾವತಿಸುವಾಗ ಸಿಬ್ಬಂದಿಯೊಬ್ಬರು ಅಭಿಪ್ರಾಯ ಪತ್ರವೊಂದನ್ನು ಮುಂದಿಟ್ಟು, "ಎಲ್ಲದಕ್ಕೂ ಅತ್ಯುತ್ತಮ ಅಂತ ಟಿಕ್ ಹಾಕಿಬಿಡಿ ಸರ್" ಎಂದರು. ಹಾಕಿದೆ. ಮನೆಗೆ ಹೊರಡುವ ಆತುರ ಒಂದೆಡೆ. ಹೊಲಿಗೆ ಬಿಚ್ಚಿಸಲು ಮುಂದಿನ ವಾರ ಅಲ್ಲಿಗೇ ಬರಬೇಕೆಂಬ ಅಳುಕು ಇನ್ನೊಂದೆಡೆ. ಯಾವ ಮಾತ್ರೆಯನ್ನು ಎಷ್ಟು ದಿನ ಸೇವಿಸಬೇಕೆಂದು ಯಾರೂ ವಿವರಿಸಿಲ್ಲವೆಂಬುದು ಮನೆ ತಲುಪಿದ ಮೇಲಷ್ಟೇ ಅರಿವಿಗೆ ಬಂತು.

ಲೆಕ್ಕಪರಿಶೋಧಕನಾದ ನಾನು ಅಂಥ ಪತ್ರಕ್ಕೆ ಸಹಿ ಹಾಕಬಾರದಿತ್ತು. ಗಿರಾಕಿಗಳ ಬಾಕಿಯ ದೃಢೀಕರಣ ಪತ್ರವು ನೇರವಾಗಿ ಪರಿಶೋಧಕನ ವಿಳಾಸಕ್ಕೇ ಬರಬೇಕು, ಸಂಸ್ಥೆಯ ಗುಮಾಸ್ತರ ಕೈದಾಟಿ ಬಂದರೆ ಅದರ ಪುರಾವೆಯ ಬೆಲೆ ಕುಗ್ಗುತ್ತದೆ ಎಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಕೌಂಟರಿನಲ್ಲಿ ಸಿಬ್ಬಂದಿಯ ಎದುರೇ ತುಂಬಿಸಿದ ಅಭಿಪ್ರಾಯ ಪತ್ರಕ್ಕೂ ಅಷ್ಟೇ ಬೆಲೆ.

ವಾಣಿಜ್ಯ ಪತ್ರಿಕೆಯಲ್ಲಿ ಈ ವಿಚಾರವೇಕೆ ಎಂದು ಓದುಗರು ಕೇಳಬಹುದು. ಪ್ರತಿ ತಿಂಗಳು ನಾವು ಇ.ಎಸ್.ಐ. ವಂತಿಗೆ ಕಟ್ಟುತ್ತೇವೆ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ತಲಾ 15,000 ರೂ. ವೇತನದ 20 ಕಾರ್ಮಿಕರಿರುವ ಘಟಕದಿಂದ ವರ್ಷಕ್ಕೆ 1,44,000 ರೂ. ಸಲ್ಲುತ್ತದೆ. ಇಷ್ಟೇ ಮೊತ್ತದ ಕಚ್ಚಾ ಸಾಮಗ್ರಿ ತರಿಸಿದರೆ ತೂಗಿ, ಗುಣಮಟ್ಟ ನೋಡಿ ಒಳಗೆ ತೆಗೆದುಕೊಳ್ಳುತ್ತೇವೆ. ಆದರೆ ನಮ್ಮ ಕಾರ್ಮಿಕನಿಗೆ ದೊರೆತ ಆರೈಕೆ ಎಂಥದೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ರಜೆ ಎಷ್ಟು ದಿನವೆಂದು ಮಾತ್ರ ತಪ್ಪದೆ ಕೇಳುತ್ತೇವೆ.

ಹಾಸಿಗೆಗಳೆಷ್ಟು, ವೈದ್ಯರೆಷ್ಟು ಎಂಬ ಲೆಕ್ಕ ಅಗತ್ಯವೇ. ಆದರೆ ಅದು ಸಾಲದು. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯ ಪ್ರಕರಣ ಇದಕ್ಕೆ ಸಾಕ್ಷಿ. ಅದರ ಆಡಳಿತ ಮಂಡಳಿಯು ವೆಚ್ಚ ಕಡಿತ ಮಾಡಿ, ಗುರಿಗಳನ್ನು ಬೆನ್ನಟ್ಟಿ, 2008ರಲ್ಲಿ ಸ್ವಾಯತ್ತ ಸ್ಥಾನಮಾನವನ್ನೂ ಗಳಿಸಿಕೊಂಡಿತು. ಅದೇ ವರ್ಷಗಳಲ್ಲಿ ಅಲ್ಲಿನ ವಾರ್ಡುಗಳಲ್ಲಿ ವೃದ್ಧ ರೋಗಿಗಳು ಕೈಗೆಟುಕದ ನೀರಿಗಾಗಿ ಹಂಬಲಿಸುತ್ತಿದ್ದರು, ಮಲಿನ ಹಾಸಿಗೆಯಲ್ಲೇ ಗಂಟೆಗಟ್ಟಲೆ ಬಿದ್ದಿರುತ್ತಿದ್ದರು. ಬಂಧುಗಳು ದೂರಿದರೂ ಕೇಳುವವರಿರಲಿಲ್ಲ. ರಾಬರ್ಟ್ ಫ್ರಾನ್ಸಿಸ್ ಅವರ ಸಾರ್ವಜನಿಕ ವಿಚಾರಣೆಯ ವರದಿ 2013ರಲ್ಲಿ ಇದನ್ನೆಲ್ಲ ದಾಖಲಿಸಿತು. ಪುಸ್ತಕದ ಲೆಕ್ಕ ತಾಳೆಯಾಗಿ ಗೋದಾಮು ಬರಿದಾಗಿರುವ ಸಂಸ್ಥೆಗಳನ್ನು ನಾವೂ ಕಂಡಿದ್ದೇವೆ.

ಹಾಗಾದರೆ ಅಳೆಯುವುದು ಹೇಗೆ? ಅಮೆರಿಕದ 'ಎಚ್‌ಕ್ಯಾಪ್ಸ್' ಎಂಬ ಸಮೀಕ್ಷೆಯಿಂದ ಕಲಿಯುವುದಿದೆ. ಬಿಡುಗಡೆಯಾಗಿ ಕನಿಷ್ಠ 48 ಗಂಟೆ ಕಳೆದ ನಂತರ, ಯಾದೃಚ್ಛಿಕವಾಗಿ ಆಯ್ದ ರೋಗಿಗಳನ್ನು ಕೇಳಲಾಗುತ್ತದೆ. ಅದರ ಹೆಚ್ಚಿನ ಪ್ರಶ್ನೆಗಳು 'ತೃಪ್ತಿಯಾಯಿತೇ' ಎಂಬ ಬಗೆಯವಲ್ಲ. ದಾದಿಯರು ಅರ್ಥವಾಗುವಂತೆ ವಿವರಿಸಿದರೇ, ಹೊಸ ಔಷಧಿ ಯಾತಕ್ಕೆಂದು ತಿಳಿಸಿದರೇ ಎಂದು ನಡೆದ ಸಂಗತಿಯನ್ನೇ ಕೇಳಲಾಗುತ್ತದೆ. ಇಂಥ ಪ್ರಶ್ನೆಗಳಿಗೆ 'ಎಂದೂ ಇಲ್ಲ'ದಿಂದ 'ಯಾವಾಗಲೂ'ವರೆಗೆ ಉತ್ತರ. ನಮ್ಮ ಜನ ಉಪಕಾರ ಸ್ಮರಣೆಯಿಂದಲೇ ತೃಪ್ತಿಯೆಂದುಬಿಡುತ್ತಾರೆ. ನಡೆದದ್ದೇನೆಂದು ಕೇಳಿದರೆ ನಿಜ ಹೇಳುತ್ತಾರೆ. 2008ರ ಮಾರ್ಚಿನಿಂದ ಆಸ್ಪತ್ರೆವಾರು ಫಲಿತಾಂಶಗಳು ಅಲ್ಲಿ ಬಹಿರಂಗವಾಗಿ ಪ್ರಕಟವಾಗತೊಡಗಿದವು.

ಆದರೆ ಅಂಕಿಗೆ ಹಣ ಜೋಡಿಸುವಾಗ ಎಚ್ಚರ ಬೇಕು. 2012ರ ಅಕ್ಟೋಬರಿನಿಂದ ಈ ಅಂಕಗಳನ್ನು ಆಸ್ಪತ್ರೆಗಳ ಪಾವತಿಯೊಂದಿಗೆ ಜೋಡಿಸಿದಾಗ, ನೋವು ನಿವಾರಣೆಯ ಪ್ರಶ್ನೆಯು ಚಟ ಹಿಡಿಸುವ ನೋವುನಿವಾರಕಗಳನ್ನು ಬರೆಯಲು ವೈದ್ಯರ ಮೇಲೆ ಒತ್ತಡ ತರುತ್ತದೆಂಬ ಆಕ್ಷೇಪವೆದ್ದಿತು. 2016ರಲ್ಲಿ ಅದನ್ನು ಪಾವತಿಯ ಲೆಕ್ಕದಿಂದ ಕೈಬಿಡಲು ನಿರ್ಧರಿಸಲಾಯಿತು. ಗುರಿ ಕೊಟ್ಟ ಮಾರಾಟಗಾರ ವರ್ಷಾಂತ್ಯದಲ್ಲಿ ಏನು ಮಾಡುತ್ತಾನೆಂಬುದು ಓದುಗರಿಗೆ ತಿಳಿದದ್ದೇ.

ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ 'ಮೇರಾ ಅಸ್ಪತಾಲ್' ಎಂಬ ವ್ಯವಸ್ಥೆ ಆರಂಭಿಸಿ, ಎಸ್.ಎಂ.ಎಸ್. ಹಾಗೂ ದೂರವಾಣಿ ಕರೆಗಳ ಮೂಲಕ ರೋಗಿಗಳ ಅಭಿಪ್ರಾಯ ಕೇಳುವ ಪರಿಪಾಠ ಹಾಕಿತು. ಕೌಂಟರಿನಿಂದ ದೂರದಲ್ಲಿ ಕೇಳಿದ್ದು ಸರಿಯಾದ ಹೆಜ್ಜೆ. ನಮ್ಮ ವಾಣಿಜ್ಯ ಮಂಡಳಿಯೂ ಸದಸ್ಯ ಘಟಕಗಳ ವಿಮಾದಾರ ಕಾರ್ಮಿಕರಿಗಾಗಿ ಇಂಥದೊಂದು ಸಣ್ಣ ಸಮೀಕ್ಷೆ ಕೈಗೊಳ್ಳಬಾರದೇಕೆ? ಪ್ರಶ್ನೆಗಳು ಐದು ಸಾಕು: ಎಷ್ಟು ಹೊತ್ತು ಕಾದಿರಿ? ಕಾಯಿಲೆ ಏನೆಂದು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದರೇ? ಔಷಧಿ ಸೇವಿಸುವ ಕ್ರಮ ವಿವರಿಸಿದರೇ? ಹೊರಗೆ ಕೊಳ್ಳಬೇಕಾಗಿ ಬಂದದ್ದೇನು? ಸಂದೇಹ ಕೇಳಲು ಅವಕಾಶ ಸಿಕ್ಕಿತೇ? ಇ.ಎಸ್.ಐ. ನಿಗಮದಲ್ಲಿ ಮಾಲೀಕರ ಪ್ರತಿನಿಧಿಗಳಿಗೂ ಸ್ಥಾನವಿರುವುದರಿಂದ ಫಲಿತಾಂಶ ಮಂಡಿಸಲು ವೇದಿಕೆಯ ಕೊರತೆಯಿಲ್ಲ.

ಒಂದೇ ಷರತ್ತು. ಈ ಪ್ರಶ್ನೆಗಳನ್ನು ಮಾಲೀಕರಾಗಲಿ ಕಾರ್ಖಾನೆಯ ಗುಮಾಸ್ತರಾಗಲಿ ಕೇಳಬಾರದು. ರಜೆಯ ಲೆಕ್ಕ ಇಡುವವರ ಮುಂದೆ ಕಾರ್ಮಿಕನು ಮನಬಿಚ್ಚಿ ಮಾತನಾಡಲಾರ. ಊರಿನ ವಾಣಿಜ್ಯ ಕಾಲೇಜಿನ ವಿದ್ಯಾರ್ಥಿಗಳು ಸಂಜೆ ದೂರವಾಣಿ ಮಾಡಿ ಕೇಳಲಿ, ಹೆಸರು ಬರೆದುಕೊಳ್ಳದಿರಲಿ. ದೂರವಾಣಿ ವೆಚ್ಚ ಹಾಗೂ ವಿದ್ಯಾರ್ಥಿಗಳ ಕಾಫಿ-ತಿಂಡಿಯ ಖರ್ಚನ್ನು ಮಂಡಳಿಯ ಮುಂದಿನ ಆಯವ್ಯಯದಲ್ಲಿ ಸೇರಿಸಬಹುದು.