ತಕ್ಕಡಿ ದಂಡೆಗೇ ಬರಲಿ

ಕಳೆದ ಮಳೆಗಾಲದಲ್ಲಿ ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಾವು ಐವರು ಗೆಳೆಯರು ಮೂರು ದಿನ ಗಾಳದ ಪಂದ್ಯ ಕಟ್ಟಿದ್ದೆವು. ಮೂರೂ ದಿನದ ಒಟ್ಟು ತೂಕವೇ ಲೆಕ್ಕ. ಮೊದಲ ದಿನ ಮುಂದಿದ್ದ ನಾನು ಎರಡನೆಯ ದಿನ ಬರಿಗೈಲಿ ಎದ್ದೆ. ಕೊನೆಯ ಸಂಜೆ ಜೋಳದ ಹಿಟ್ಟಿನ ಉಂಡೆಗೆ ದೊಡ್ಡ ರೋಹು ಬಿತ್ತು. ಹೊಟ್ಟೆ ತುಂಬ ತತ್ತಿ. ತಕ್ಕಡಿ ಇದ್ದದ್ದು ಊರೊಳಗಿನ ಅಂಗಡಿಯಲ್ಲಿ. ಒಯ್ದರೆ ಗೆಲುವು ನನ್ನದು, ಮೀನು ಉಳಿಯದು. ನೀರಿಗೆ ಬಿಟ್ಟೆ, ಸೋತೆ.

ರೋಹು, ಕಾಟ್ಲಾ ತತ್ತಿ ಇಡುವುದೇ ಮಳೆಗಾಲದಲ್ಲಿ. ಆ ತತ್ತಿಯೇ ಮೀನುಗಾರರ ನಾಳಿನ ದುಡಿಮೆ. ಇಂಗ್ಲೆಂಡಿನ ಗಾಳದ ಪಂದ್ಯಗಳಲ್ಲಿ ಮೀನನ್ನು ಬಲೆಚೀಲದಲ್ಲಿ ನೀರೊಳಗೇ ಇಟ್ಟು, ದಂಡೆಯಲ್ಲೇ ತೂಗಿ, ಜೀವಂತ ಬಿಡುತ್ತಾರೆ. ಕೃಷ್ಣೆಯಿರಲಿ, ಇಂಡಿ, ಸಿಂದಗಿಯ ಭೀಮೆಯಿರಲಿ, ಗೆಳೆಯರೇ, ಮಳೆಗಾಲ ಬಿಟ್ಟು ಪಂದ್ಯ ಕಟ್ಟೋಣ. ತಕ್ಕಡಿಯನ್ನು ದಂಡೆಗೇ ಒಯ್ಯೋಣ.