ಫೋಟೊ ಇರುವಾಗ ಚಿತ್ರ ಬರೆಸಬೇಕೆ?

ಮನೆಯವರ ಹಳೆಯ ಫೋಟೊ ಕೊಟ್ಟು ಕಲಾವಿದರಿಂದ ಚಿತ್ರ ಬರೆಸುವುದೆಂದರೆ ಕೆಲವರಿಗೆ ಬಲು ಇಷ್ಟ. ಅಪ್ಪನ ಷಷ್ಟ್ಯಬ್ದಿಗೋ ಗೃಹಪ್ರವೇಶಕ್ಕೋ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾವುದಿದೆ ಎನ್ನುತ್ತಾರೆ. ಇರುವ ಫೋಟೊವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರೆ ಸಾಲದೆ, ಸಾವಿರಗಟ್ಟಲೆ ಸುರಿಯುವುದೇಕೆ ಎಂದು ಕೇಳುವವರೂ ಅಷ್ಟೇ ಮಂದಿ. ಎರಡು ಮಾತಿನಲ್ಲೂ ಹುರುಳಿದೆ.

ಬರೆಸುವವರ ಗಟ್ಟಿ ವಾದವೆಂದರೆ, ಕ್ಯಾಮೆರಾ ಮಾಡಲಾಗದ್ದನ್ನು ಕುಂಚ ಮಾಡುತ್ತದೆ. ಮೊಮ್ಮಗ ಹುಟ್ಟುವ ಮೊದಲೇ ತೀರಿಕೊಂಡ ಅಜ್ಜಿಯ ಪಕ್ಕದಲ್ಲಿ ಅವನನ್ನು ಕೂರಿಸಬಹುದು. ಎಷ್ಟೋ ಹಿರಿಯರ ಮುಖ ಉಳಿದಿರುವುದು ಯಾರದೋ ಮದುವೆಯ ಗ್ರೂಪ್ ಫೋಟೊದ ಹಿಂದಿನ ಸಾಲಿನಲ್ಲಿ, ಇಲ್ಲವೇ ಮತದಾರರ ಗುರುತಿನ ಚೀಟಿಯಲ್ಲಿ. ಅಲ್ಲಿಂದ ಅವರನ್ನು ಎತ್ತಿ ಪಡಸಾಲೆಯ ಗೋಡೆಗೆ ತರಬಲ್ಲವನು ಚಿತ್ರಗಾರ. ಫೋಟೊ ನೋಡಿ ಬರೆದದ್ದು ಬರೀ ನಕಲು ಎಂದು ಮೂಗು ಮುರಿಯಬೇಕಾಗಿಯೂ ಇಲ್ಲ. ರಾಜಾ ರವಿವರ್ಮನೂ ಭಾವಚಿತ್ರಗಳಿಗೆ ಫೋಟೊಗಳ ನೆರವು ಪಡೆದವನೇ.

ಬೇಡ ಎನ್ನುವವರ ವಾದವೂ ಹಗುರವಲ್ಲ. ಫೋಟೊ ಒಂದು ಸಾಕ್ಷಿ: ಆ ಗಳಿಗೆಯಲ್ಲಿ ಅವರು ಅಲ್ಲಿ ಕೂತಿದ್ದರು. ಚಿತ್ರ ಬರೆಯುವವರು ಅವರನ್ನು ನೋಡಿಯೇ ಇರುವುದಿಲ್ಲ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದರೆ ಮೂಗು ದಪ್ಪವಾಗುತ್ತದೆ. ಫ್ಲ್ಯಾಶ್ ಬಿದ್ದರೆ ಕೆನ್ನೆಯ ನೆರಳು ಅಳಿಸಿಹೋಗುತ್ತದೆ. ಅನುಭವ ಸಾಲದ ಕೈ ಈ ದೋಷಗಳನ್ನೂ ನಿಷ್ಠೆಯಿಂದ ಬರೆದುಬಿಡುತ್ತದೆ. ಫೋಟೊ ಕೆಟ್ಟದಾಗಿ ಬಂದರೆ ‘ಬೆಳಕು ಸರಿಯಿರಲಿಲ್ಲ’ ಎಂದು ಸುಮ್ಮನಾಗುತ್ತೇವೆ. ಚಿತ್ರದಲ್ಲಿ ತುಟಿಯ ಅಂಚು ಕೂದಲೆಳೆಯಷ್ಟು ಕೊಂಕಿದರೂ ‘ನಮ್ಮಮ್ಮ ಹೀಗಿರಲಿಲ್ಲ’ ಎಂಬ ಮಾತು ಬರುತ್ತದೆ. ಜೊತೆಗೆ, ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆದು, ಮೇಲೆ ಪಾರದರ್ಶಕ ಜೆಲ್ ಸವರಿ, ಕೈಯಲ್ಲಿ ಬರೆದ ಚಿತ್ರವೆಂದು ಮಾರುವವರೂ ಇದ್ದಾರೆ.

ನಿಜವಾದ ಕಗ್ಗಂಟು ಬಣ್ಣ ತುಂಬುವಾಗ ಎದುರಾಗುತ್ತದೆ. ಕಪ್ಪು ಬಿಳುಪು ಫೋಟೊದಲ್ಲಿ ಅಜ್ಜಿ ಇಳಕಲ್ ಸೀರೆ ಉಟ್ಟಿದ್ದಾರೆ. ತೋಪು ಸೆರಗು ಕೆಂಪು ಎಂಬುದು ಎಲ್ಲರಿಗೂ ಗೊತ್ತು. ಒಡಲು ಹಸಿರೋ ದಾಳಿಂಬೆ ಬಣ್ಣವೋ? ಫೋಟೊದಲ್ಲಿ ಎರಡೂ ಒಂದೇ ಬೂದು. ದೊಡ್ಡಮ್ಮ ಒಂದು ಹೇಳಿದರೆ ಸೋದರಮಾವ ಇನ್ನೊಂದು ಹೇಳುತ್ತಾರೆ. ಇದಾದರೂ ಹೇಗೋ ಬಗೆಹರಿದೀತು. ಅಜ್ಜ ಹೋದ ಮೇಲೆ ತೆಗೆದ ಫೋಟೊ ಅದಾಗಿದ್ದರೆ, ಬರಿದಾದ ಹಣೆಗೆ ಚಿತ್ರದಲ್ಲಿ ಕುಂಕುಮ ಇಡಿಸಬೇಕೆಂದು ಮಗಳಿಗೆ ಆಸೆ. ‘ನಾನು ಕಂಡ ಅಜ್ಜಿಗೆ ಕುಂಕುಮ ಇರಲಿಲ್ಲವಲ್ಲ’ ಎನ್ನುತ್ತಾನೆ ಮೊಮ್ಮಗ. ಒಬ್ಬರಿಗೆ ಅದು ಅನ್ಯಾಯ ಸರಿಪಡಿಸಿದಂತೆ, ಇನ್ನೊಬ್ಬರಿಗೆ ಇದ್ದದ್ದನ್ನು ಅಳಿಸಿದಂತೆ. ಫೋಟೊ ದೊಡ್ಡದು ಮಾಡಿಸುವವರಿಗೆ ಈ ತಕರಾರೇ ಇಲ್ಲ.

ವ್ಯವಹಾರದ ಲೆಕ್ಕವೂ ಎರಡು ಬಗೆಯದು. ತೈಲವರ್ಣ ಒಳಗಿನವರೆಗೂ ಒಣಗಲು ತಿಂಗಳುಗಳೇ ಬೇಕು. ಅಕ್ರಿಲಿಕ್ ಆದರೆ ಗಂಟೆಗಳಲ್ಲಿ ಒಣಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ಥಂಡಿಗೆ ಕ್ಯಾನ್ವಾಸಿಗೂ ಬೂಷ್ಟು ಹಿಡಿಯುತ್ತದೆ, ಫೋಟೊ ಕಾಗದಕ್ಕೂ ಹಿಡಿಯುತ್ತದೆ. ಆದರೆ ಸ್ಕ್ಯಾನ್ ಮಾಡಿಟ್ಟ ಫೋಟೊವನ್ನು ಮತ್ತೆ ಪ್ರಿಂಟ್ ಹಾಕಿಸಬಹುದು, ಚಿತ್ರ ಇರುವುದು ಒಂದೇ. ನಮ್ಮ ಅಜ್ಜಿ ಇನ್ನಾರದೋ ಜಾಹೀರಾತಿನಲ್ಲಿ ಕಾಣಿಸಿಕೊಂಡಾರು ಎಂಬ ಅಂಜಿಕೆಗೆ ಮಾತ್ರ ಕಾನೂನಿನ ಆಸರೆ ಇದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದ ಆಗಿಲ್ಲದಿದ್ದರೆ ಹಣ ಕೊಟ್ಟು ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ ಬರೆಸಿದವರದ್ದೇ.

ಇಷ್ಟೆಲ್ಲ ತೂಗಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಫೋಟೊ ಸೊಗಸಾಗಿದ್ದರೆ ಚಿತ್ರದ ಅಗತ್ಯವೇ ಇಲ್ಲ; ಫೋಟೊ ಮಸುಕಾಗಿದ್ದರೆ ಅಗತ್ಯವಿದೆ, ಆದರೆ ಹೋಲಿಕೆ ತಪ್ಪುವ ಭಯವೂ ಆಗಲೇ ಹೆಚ್ಚು. ಹಾಗಾಗಿ ಮುಖ ಸ್ಪಷ್ಟವಾಗಿರುವ ಫೋಟೊ ಕೈಯಲ್ಲಿದ್ದವರು ಅದನ್ನೇ ಚೆನ್ನಾಗಿ ಪ್ರಿಂಟ್ ಹಾಕಿಸುವುದು ಜಾಣತನ. ಫೋಟೊದಲ್ಲಿ ಇಲ್ಲದ್ದು ಬೇಕೆನ್ನುವವರು ಚಿತ್ರ ಬರೆಸಲಿ. ಆದರೆ ವಾಟ್ಸ್ಯಾಪ್‌ನಲ್ಲಿ ಒಂದು ಫೋಟೊ ಕಳಿಸಿ, ಮುಂಗಡ ಹಾಕಿ ಕೈತೊಳೆದುಕೊಂಡರೆ ಆಗದು. ಸಿಕ್ಕಷ್ಟು ಫೋಟೊಗಳನ್ನು, ಪೆಟ್ಟಿಗೆಯಲ್ಲಿದ್ದರೆ ಆ ಸೀರೆಯನ್ನೂ ತೋರಿಸಬೇಕು. ಅದೇ ಚಹರೆಯ ತಂಗಿ ಇದ್ದರೆ ಕಲಾವಿದರು ಅವರನ್ನೊಮ್ಮೆ ನೋಡುವಂತಾಗಬೇಕು. ಬಣ್ಣ ಬೀಳುವ ಮೊದಲು ಪೆನ್ಸಿಲ್ ರೇಖೆಯನ್ನು ಮನೆಯ ಹಿರಿಯರು ಒಪ್ಪಬೇಕು. ದುಡ್ಡು ಹೊಂದಿಸಿಕೊಂಡು ಮುಂದೆಂದಾದರೂ ಬರೆಸೋಣ ಎನ್ನುವವರು ಒಂದನ್ನು ನೆನಪಿಡಬೇಕು: ಹೋಲಿಕೆ ಸರಿಯೋ ತಪ್ಪೋ ಹೇಳಬಲ್ಲವರು ಇರುವಷ್ಟು ದಿನ ಮಾತ್ರ ಈ ಕೆಲಸಕ್ಕೆ ಅರ್ಥ.